ಮುಚ್ಚಿಹೋದ ಕಂಪನಿಯ ಹೆಸರು ಈಗ ಯಾರದ್ದು?

ಪ್ರಶ್ನೆ: ನಾವು ಮೂವರು ಸ್ನೇಹಿತರು ಸೇರಿ ಸ್ಪೀಕರ್ ತಯಾರಿಸುವ ಸಣ್ಣ ಉದ್ಯಮ ಶುರು ಮಾಡುತ್ತಿದ್ದೇವೆ. ನಾವು ಚಿಕ್ಕವರಿದ್ದಾಗ ತುಂಬಾ ಹೆಸರು ಮಾಡಿದ್ದ ಒಂದು ರೇಡಿಯೋ ಕಂಪನಿ 14 ವರ್ಷದ ಹಿಂದೆ ಮುಚ್ಚಿತು. ಅದರ ಟ್ರೇಡ್‌ಮಾರ್ಕ್ ನವೀಕರಣ ಆಗಿಲ್ಲ ಅಂತ ದಾಖಲೆಯಲ್ಲಿ ತೋರಿಸುತ್ತಿದೆ. ಆ ಹೆಸರನ್ನೂ ಲೋಗೋವನ್ನೂ ನಮ್ಮ ಸ್ಪೀಕರ್‌ಗೆ ಇಡಬಹುದಾ? ಅವರ ಹಳೆಯ ಜಾಹೀರಾತುಗಳನ್ನು ಬಳಸಬಹುದಾ? ಪೆಟ್ಟಿಗೆಯ ಮೇಲೆ '1958ರಿಂದ' ಅಂತ ಹಾಕಬೇಕು ಅಂತಿದ್ದೇವೆ. ಅವರ ವೆಬ್‌ಸೈಟ್ ವಿಳಾಸವೂ ಮಾರಾಟಕ್ಕಿದೆ. ಈಗ ಅದು ಯಾರದ್ದೂ ಅಲ್ಲ ಅಲ್ವಾ?

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. 'ಯಾರದ್ದೂ ಅಲ್ಲ' ಅನ್ನುವ ನಂಬಿಕೆಯಿಂದಲೇ ಈ ವಿಷಯದಲ್ಲಿ ಜನ ಜಾಸ್ತಿ ಎಡವುವುದು. ಕಂಪನಿ ಮುಚ್ಚಿದರೆ ಅದರ ಕಟ್ಟಡ ಯಾರದ್ದೂ ಅಲ್ಲ ಅಂತ ನಾವು ಅಂದುಕೊಳ್ಳುವುದಿಲ್ಲ. ಯಂತ್ರಗಳನ್ನು ಯಾರೋ ಕೊಂಡಿರುತ್ತಾರೆ. ಜಾಗ ಬ್ಯಾಂಕಿನ ಕೈಯಲ್ಲಿರುತ್ತದೆ. ಹೆಸರೂ ಹಾಗೆಯೇ. ಅದೂ ಒಂದು ಆಸ್ತಿ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಹಾಗಂತ ನಿಮ್ಮ ಆಸೆ ಕೈಗೂಡುವುದೇ ಇಲ್ಲ ಅಂತಲೂ ಹೇಳುತ್ತಿಲ್ಲ. ಹಳೆಯ ಹೆಸರುಗಳನ್ನು ನ್ಯಾಯವಾಗಿಯೇ ಮತ್ತೆ ಬಳಕೆಗೆ ತಂದವರಿದ್ದಾರೆ. ಆದರೆ ಒಂದು ಬ್ರ್ಯಾಂಡ್ ಅಂದರೆ ಒಂದೇ ವಸ್ತುವಲ್ಲ. ನೋಂದಣಿ ಒಂದು ಹಕ್ಕು. ಜನರ ಮನಸ್ಸಿನಲ್ಲಿ ಉಳಿದಿರುವ ವಿಶ್ವಾಸ, ಅಂದರೆ ಗುಡ್‌ವಿಲ್, ಇನ್ನೊಂದು. ಲೋಗೋದ ಚಿತ್ರದ ಮೇಲಿನ ಕಾಪಿರೈಟ್ ಮತ್ತೊಂದು. ಈ ಮೂರೂ ಬೇರೆ ಬೇರೆ ಕೈಯಲ್ಲಿರಬಹುದು. ಒಂದು ಸತ್ತು ಇನ್ನೊಂದು ಬದುಕಿರಬಹುದು. ನೀವು ನೋಡಿರುವುದು ಒಂದನ್ನು ಮಾತ್ರ.

ಮೊದಲು 'ಮುಚ್ಚಿತು' ಅಂದರೆ ಏನು ಅಂತ ಪತ್ತೆ ಮಾಡಿ. ತಯಾರಿಕೆ ಮಾತ್ರ ನಿಂತು, ಕಂಪನಿ ಕಾಗದದ ಮೇಲೆ ಇನ್ನೂ ಜೀವಂತ ಇರಬಹುದು. ಇನ್ನೊಂದು ಕಂಪನಿಯಲ್ಲಿ ವಿಲೀನ ಆಗಿರಬಹುದು. ಆಗ ಹೆಸರೂ ಅದರ ಜೊತೆ ಹೋಗಿರುತ್ತದೆ. ದಿವಾಳಿಯಾಗಿ, ಆಸ್ತಿ ಮಾರಿ ಸಾಲ ತೀರಿಸಲು ನೇಮಿಸಿದ ಲಿಕ್ವಿಡೇಟರ್ ಕೈಗೆ ಬಂದಿದ್ದರೆ, ಆತ ಹೆಸರನ್ನು ಪ್ರತ್ಯೇಕವಾಗಿ ಮಾರಿರಬಹುದು, ಅಥವಾ ಪ್ರಕರಣ ಇನ್ನೂ ಮುಗಿಯದೆ ಅದು ಆತನ ಬಳಿಯೇ ಕೂತಿರಬಹುದು. ಸಾಲ ಕೊಟ್ಟ ಬ್ಯಾಂಕ್ ಟ್ರೇಡ್‌ಮಾರ್ಕನ್ನೇ ಅಡಮಾನ ಇಟ್ಟುಕೊಂಡಿರುವುದೂ ಉಂಟು. ಇನ್ನು ಕೆಲವು ಸಲ, ವರ್ಷ ವರ್ಷದ ಲೆಕ್ಕಪತ್ರ ಸಲ್ಲಿಸಲಿಲ್ಲ ಅಂತ ರಿಜಿಸ್ಟ್ರಾರ್ ಕಂಪನಿಯ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿರುತ್ತಾರೆ.

ಈ ಕೊನೆಯ ಸಂದರ್ಭದ ಬಗ್ಗೆ ಹುಷಾರಾಗಿರಿ. ಹೊಡೆದುಹಾಕಿದ ಕಂಪನಿ ಮತ್ತೆ ಎದ್ದು ಬರಬಹುದು. ಭಾರತದ 2013ರ ಕಂಪನಿ ಕಾಯ್ದೆಯಲ್ಲಿ ಸದಸ್ಯರು, ಸಾಲ ಕೊಟ್ಟವರು ಅಥವಾ ಕಾರ್ಮಿಕರು 20 ವರ್ಷದೊಳಗೆ ಅರ್ಜಿ ಹಾಕಿ ಕಂಪನಿಯನ್ನು ಪಟ್ಟಿಗೆ ಮರಳಿಸಿಕೊಳ್ಳಲು ದಾರಿಯಿದೆ. ಬ್ರಿಟನ್ನಿನಲ್ಲಿ ಕೋರ್ಟ್ ಮೂಲಕ ಮರಳಿಸುವ ಅವಧಿ ಸಾಮಾನ್ಯವಾಗಿ 6 ವರ್ಷ. ಅಲ್ಲಿ ಇನ್ನೊಂದು ವಿಚಿತ್ರವೂ ಇದೆ. ಕಂಪನಿ ವಿಸರ್ಜನೆಯಾದಾಗ ಯಾರಿಗೂ ಹಂಚದೆ ಉಳಿದ ಆಸ್ತಿಯೆಲ್ಲ ರಾಜಸತ್ತೆಗೆ ಸೇರುತ್ತದೆ. ಟ್ರೇಡ್‌ಮಾರ್ಕ್, ಕಾಪಿರೈಟ್ ಎಲ್ಲ ಅದರಲ್ಲಿ ಬರುತ್ತವೆ. ಯಾರದ್ದೂ ಅಲ್ಲ ಅಂತ ನೀವು ಎತ್ತಿಕೊಂಡ ಲೋಗೋ ಅಲ್ಲಿ ಸರ್ಕಾರದ ಸೊತ್ತಾಗಿರಬಹುದು. ಒಳ್ಳೆಯದೂ ಇದೆ: ಅದನ್ನು ನೋಡಿಕೊಳ್ಳುವ ಇಲಾಖೆಗೆ ಬರೆದು ಕೊಂಡುಕೊಳ್ಳಬಹುದು.

ಈಗ ನವೀಕರಣದ ವಿಷಯ. ಹೆಚ್ಚಿನ ದೇಶಗಳಲ್ಲಿ ಟ್ರೇಡ್‌ಮಾರ್ಕ್ ನೋಂದಣಿ 10 ವರ್ಷ ನಡೆಯುತ್ತದೆ, ಮತ್ತೆ ಮತ್ತೆ ನವೀಕರಿಸಬಹುದು. ಅವಧಿ ಮುಗಿದ ತಕ್ಷಣ ಬಾಗಿಲು ಹಾಕಿಬಿಡುವುದಿಲ್ಲ. ಭಾರತದಲ್ಲಿ 6 ತಿಂಗಳವರೆಗೆ ಹೆಚ್ಚುವರಿ ಶುಲ್ಕ ಕಟ್ಟಿ ನವೀಕರಿಸಬಹುದು. ಅದಾದ ಮೇಲೂ ಒಂದು ವರ್ಷ ತುಂಬುವವರೆಗೆ ಮರುಸ್ಥಾಪನೆಗೆ ಅರ್ಜಿ ಹಾಕಬಹುದು. ನಿಮ್ಮ ಪ್ರಕರಣದಲ್ಲಿ ಆ ಗಡುವೆಲ್ಲ ದಾಟಿದೆಯಾ ಅಂತ ದಿನಾಂಕ ಹಿಡಿದು ನೋಡಿ. ಒಂದೇ ನೋಂದಣಿ ನೋಡಿ ಸುಮ್ಮನಾಗಬೇಡಿ. ಸರಕು ಮತ್ತು ಸೇವೆಗಳನ್ನು ನೀಸ್ ಪದ್ಧತಿಯಲ್ಲಿ 45 ವರ್ಗಗಳಾಗಿ ಹಂಚಿದ್ದಾರೆ. ರೇಡಿಯೋ, ಸ್ಪೀಕರ್ ಎರಡೂ 9ನೇ ವರ್ಗ. ರಿಪೇರಿ ಸೇವೆ 37ನೇ ವರ್ಗ. ಹೆಸರಿಗೆ ಒಂದು ನೋಂದಣಿ, ಲೋಗೋಗೆ ಇನ್ನೊಂದು, ಹೆಸರಿನ ತುಣುಕಿಗೆ ಮತ್ತೊಂದು, ಹೀಗೆ ಇರಬಹುದು. ಮೂಲ ಕಂಪನಿಯ ಹೆಸರಲ್ಲಿ ಹುಡುಕಿದರೆ ಸಿಗದೆ, ಮಾಲೀಕರ ಕುಟುಂಬದ ಟ್ರಸ್ಟಿನ ಹೆಸರಲ್ಲಿ ಸಿಕ್ಕಿದ್ದನ್ನೂ ನಾನು ನೋಡಿದ್ದೇನೆ.

ನೋಂದಣಿ ಇನ್ನೂ ಜೀವಂತ ಇದ್ದರೆ ಕಥೆ ಮುಗಿಯಿತು ಅಂತಲ್ಲ. ಬಳಸದೆ ಇಟ್ಟುಕೊಂಡ ಹೆಸರನ್ನು ದಾಖಲೆಯಿಂದ ತೆಗೆಸಲು ಕಾನೂನು ಅವಕಾಶ ಕೊಡುತ್ತದೆ. ಯುರೋಪಿನಲ್ಲೂ ಬ್ರಿಟನ್ನಿನಲ್ಲೂ ಸತತ 5 ವರ್ಷ ಬಳಕೆ ಇಲ್ಲದಿದ್ದರೆ ಸಾಕು. ಭಾರತದ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 47ನೇ ಕಲಮಿನಲ್ಲೂ 5 ವರ್ಷವೇ. ಆದರೆ ನೀವು ಅರ್ಜಿ ಹಾಕುವ ದಿನಕ್ಕೆ ಮುಂಚಿನ 3 ತಿಂಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಮೆರಿಕದಲ್ಲಿ ಸತತ 3 ವರ್ಷ ಬಳಸದಿದ್ದರೆ ಕೈಬಿಟ್ಟಿದ್ದಾರೆ ಅಂತ ಮೇಲ್ನೋಟಕ್ಕೆ ಭಾವಿಸುತ್ತಾರೆ. ಮತ್ತೆ ಬಳಸುವ ಉದ್ದೇಶ ಇತ್ತು ಅಂತ ತೋರಿಸುವ ಹೊಣೆ ಆಗ ಮಾಲೀಕರ ಮೇಲೆ ಬೀಳುತ್ತದೆ. ಸುಮ್ನೆ ಇಟ್ಟುಕೊಂಡಿದ್ದೆವು ಅಂದರೆ ನಡೆಯುವುದಿಲ್ಲ. ಎಕ್ಸಾನ್ ಕಂಪನಿ ತನ್ನ ಹಳೆಯ 'ಹಂಬಲ್' ಹೆಸರನ್ನು ಬೇರೆಯವರು ತೆಗೆದುಕೊಳ್ಳದಿರಲಿ ಅಂತ ಆಗೊಮ್ಮೆ ಈಗೊಮ್ಮೆ ಒಂದಿಷ್ಟು ಸರಕಿಗೆ ಹಚ್ಚಿ ಕಳಿಸುತ್ತಿತ್ತು. 1983ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟ್ ಅದನ್ನು ಒಪ್ಪಲಿಲ್ಲ. ಹೆಸರನ್ನು ಬಿಟ್ಟುಕೊಡದಿರುವ ಆಸೆ ಬೇರೆ, ಮತ್ತೆ ಬಳಸುವ ಉದ್ದೇಶ ಬೇರೆ ಅಂದಿತು.

ಆದರೆ 'ಬಳಕೆ' ಅನ್ನುವ ಪದ ನೀವು ಅಂದುಕೊಂಡದ್ದಕ್ಕಿಂತ ಅಗಲವಾದದ್ದು. ಹೊಸ ಮಾಲು ಬರುತ್ತಿಲ್ಲ ಅಂದ ಮಾತ್ರಕ್ಕೆ ಬಳಕೆ ನಿಂತಿತು ಅಂತಲ್ಲ. ನೆದರ್‌ಲ್ಯಾಂಡ್ಸ್‌ನ ಆನ್ಸುಲ್ ಕಂಪನಿ 'ಮಿನಿಮ್ಯಾಕ್ಸ್' ಹೆಸರಿನ ಬೆಂಕಿ ನಂದಿಸುವ ಸಾಧನ ಮಾರುವುದನ್ನು ನಿಲ್ಲಿಸಿತ್ತು. ಹಳೆಯ ಸಾಧನಗಳಿಗೆ ಬಿಡಿಭಾಗ ಕೊಡುವುದು, ಸರ್ವೀಸ್ ಮಾಡುವುದು ಮಾತ್ರ ನಡೆದಿತ್ತು. ಇಂಥದ್ದೂ ನಿಜವಾದ ಬಳಕೆ ಆಗಬಹುದು ಅಂತ 2003ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು. 2020ರಲ್ಲಿ ಫೆರಾರಿಯ 'ಟೆಸ್ಟರೋಸಾ' ಪ್ರಕರಣದಲ್ಲೂ ಅದೇ ದಾರಿ ಹಿಡಿಯಿತು. ಆ ಕಾರಿನ ತಯಾರಿಕೆ 1990ರ ದಶಕದಲ್ಲೇ ನಿಂತಿತ್ತು. ಆದರೂ ಬಿಡಿಭಾಗಗಳ ಮಾರಾಟ, ಮಾಲೀಕರೇ ಮಾಡುವ ಹಳೆಯ ಕಾರುಗಳ ಮರುಮಾರಾಟ ಲೆಕ್ಕಕ್ಕೆ ಬರುತ್ತದೆ ಅಂದಿತು. ನಿಮ್ಮ ರೇಡಿಯೋ ಕಂಪನಿಯ ಬಿಡಿಭಾಗಗಳನ್ನು ಯಾರಾದರೂ ಅದೇ ಹೆಸರಲ್ಲಿ, ಒಪ್ಪಿಗೆ ಪಡೆದು ಮಾರುತ್ತಿದ್ದಾರಾ? ಇದನ್ನು ಮೊದಲು ವಿಚಾರಿಸಿ. ಒಬ್ಬ ಕಕ್ಷಿದಾರರು ಸಾವಿರಾರು ಪೆಟ್ಟಿಗೆ ಅಚ್ಚು ಹಾಕಿಸಿಕೊಂಡ ಮೇಲೆ ನನ್ನ ಬಳಿ ಬಂದಿದ್ದರು. ಹಳೆಯ ಕಂಪನಿ ಒಬ್ಬ ವಿತರಕರಿಗೆ ಲೈಸೆನ್ಸ್ ಕೊಟ್ಟಿತ್ತು. ಅವರು ಒಂದು ಮೂಲೆಯಲ್ಲಿ ಸದ್ದಿಲ್ಲದೆ ಬಿಡಿಭಾಗ ಮಾರುತ್ತಲೇ ಇದ್ದರು. ನೋಟಿಸ್ ಬಂದ ದಿನವೇ ನನ್ನ ಕಕ್ಷಿದಾರರಿಗೆ ಅದು ಗೊತ್ತಾದದ್ದು. ಪೆಟ್ಟಿಗೆಗಳನ್ನು ಕೊನೆಗೆ ರದ್ದಿಗೆ ಹಾಕಬೇಕಾಯಿತು. ಲೈಸೆನ್ಸ್ ಕೊಟ್ಟ ಕಂಪನಿ ದಿವಾಳಿಯಾದರೆ ಲೈಸೆನ್ಸ್ ತಾನಾಗಿ ಸಾಯುತ್ತದೆ ಅಂತಲೂ ನಂಬಬೇಡಿ. ದಿವಾಳಿಯಾದವರು ಒಪ್ಪಂದದಿಂದ ಹಿಂದೆ ಸರಿದರೂ ಲೈಸೆನ್ಸ್ ಪಡೆದವರ ಹಕ್ಕು ಅಷ್ಟಕ್ಕೇ ಹೋಗುವುದಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪು ಕೊಟ್ಟಿದೆ.

ಸರಿ, ನೋಂದಣಿ ಸತ್ತಿದೆ, ಬಳಕೆಯೂ ಇಲ್ಲ ಅಂತಿಟ್ಟುಕೊಳ್ಳೋಣ. ಇನ್ನು ಉಳಿದದ್ದು ಜನರ ನೆನಪು. ನೋಂದಣಿಯೇ ಇಲ್ಲದ ಹೆಸರನ್ನೂ ಕಾಪಾಡುವ ಒಂದು ಹಳೆಯ ಕಾನೂನಿದೆ, 'ಪಾಸಿಂಗ್ ಆಫ್' ಅಂತ. ನಿಮ್ಮ ಸರಕನ್ನು ಇನ್ನೊಬ್ಬರದ್ದು ಅಂತ ನಂಬಿಸಿ ಮಾರಬಾರದು ಅನ್ನುವುದು ಅದರ ತಿರುಳು. ವ್ಯಾಪಾರ ನಿಂತ ಮೇಲೂ ಗುಡ್‌ವಿಲ್ ಉಳಿಯುತ್ತದಾ? ಎಷ್ಟು ಕಾಲ? ಇದಕ್ಕೆ ಗಡಿಯಾರ ಹಿಡಿದು ಉತ್ತರ ಹೇಳಲು ಬರುವುದಿಲ್ಲ. ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಲಂಡನ್ನಿನಲ್ಲಿ 'ಆಡ್ ಲಿಬ್' ಅಂತ ಹೆಸರಾಂತ ಕ್ಲಬ್ ಇತ್ತು. ಗದ್ದಲ ಜಾಸ್ತಿ ಅಂತ ನೆರೆಯವರು ಕೋರ್ಟಿಗೆ ಹೋಗಿ 1966ರಲ್ಲಿ ಅದು ಮುಚ್ಚಿತು. ಮಾಲೀಕರು ಬೇರೆ ಜಾಗ ಹುಡುಕುತ್ತಿದ್ದರು, ಸಿಕ್ಕಿರಲಿಲ್ಲ. 1970ರಲ್ಲಿ ಬೇರೆ ಯಾರೋ ಅದೇ ಹೆಸರಲ್ಲಿ ಕ್ಲಬ್ ತೆರೆಯಲು ಹೊರಟರು. ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಜನ ಇನ್ನೂ ಆ ಹೆಸರನ್ನು ಹಳೆಯ ಕ್ಲಬ್ಬಿಗೇ ಜೋಡಿಸುತ್ತಿದ್ದಾರೆ, ಮಾಲೀಕರೂ ಆಸೆ ಬಿಟ್ಟಿರಲಿಲ್ಲ ಅನ್ನುವುದು ಕಾರಣ. ಇನ್ನೊಂದು ಸಿಂಗಾಪುರದ್ದು. ಹಾಂಗ್‌ಕಾಂಗ್‌ನ ಒಂದು ಕಂಪನಿ ಅಲ್ಲಿಗೆ ಹಲ್ಲುಜ್ಜುವ ಬ್ರಷ್ ಕಳಿಸುತ್ತಿತ್ತು. ಆಮದು ಸುಂಕ ಬಂದಾಗ 1965ರಲ್ಲಿ ನಿಲ್ಲಿಸಿತು. ಮುಂದೆ ಅದೇ ಗುರುತು ಬಳಸಿದ ಇನ್ನೊಬ್ಬರ ಮೇಲೆ ದಾವೆ ಹೂಡಿದಾಗ, 1976ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ (ಆಗ ಸಿಂಗಾಪುರದ ಕೊನೆಯ ಮೇಲ್ಮನವಿ ಕೋರ್ಟ್) ಅದನ್ನು ಒಪ್ಪಲಿಲ್ಲ. ಅಲ್ಲಿನ ವ್ಯಾಪಾರವನ್ನೇ ಬಿಟ್ಟ ಮೇಲೆ ಗುಡ್‌ವಿಲ್ ಯಾವುದಕ್ಕೆ ಅಂಟಿಕೊಂಡಿರಬೇಕು ಅನ್ನುವುದು ತೀರ್ಪಿನ ತಾತ್ಪರ್ಯ. ಒಂದು ಕಡೆ ಮತ್ತೆ ಶುರು ಮಾಡುವ ಮನಸ್ಸಿತ್ತು, ಇನ್ನೊಂದು ಕಡೆ ಇರಲಿಲ್ಲ. ವರ್ಷಗಳ ಲೆಕ್ಕಕ್ಕಿಂತ ಇದು ಹೆಚ್ಚು ತೂಗುತ್ತದೆ. ಹಾಗಾಗಿ ಮುಚ್ಚಿದಾಗ ಮಾಲೀಕರು ಏನು ಹೇಳಿದ್ದರು ಅಂತ ಹುಡುಕಿ. ಹಳೆಯ ಪತ್ರಿಕೆಯಲ್ಲಿ 'ತಾತ್ಕಾಲಿಕವಾಗಿ ನಿಲ್ಲಿಸುತ್ತಿದ್ದೇವೆ' ಅನ್ನುವ ಒಂದು ಸಾಲು ಸಿಕ್ಕರೂ ನಿಮ್ಮ ಲೆಕ್ಕಾಚಾರ ಬದಲಾಗುತ್ತದೆ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ: ನಿಮ್ಮ ಉದ್ದೇಶ. ಸತ್ತ ಹೆಸರನ್ನು ಹೊಸಬರು ನೋಂದಾಯಿಸಿದಾಗ ಕೋರ್ಟ್ ಕೇಳುವ ಪ್ರಶ್ನೆ ಇದು: ಇವರು ಒಳ್ಳೆಯ ಮನಸ್ಸಿನಿಂದ ಬಂದಿದ್ದಾರಾ, ಇನ್ನೊಬ್ಬರು ಬೆಳೆಸಿದ ಹೆಸರಿನ ಮೇಲೆ ಪುಕ್ಕಟೆ ಸವಾರಿ ಮಾಡಲು ಬಂದಿದ್ದಾರಾ? ಯುರೋಪಿನ ಸಾಮಾನ್ಯ ನ್ಯಾಯಾಲಯದ ಎರಡು ಪ್ರಕರಣಗಳನ್ನು ಈ ದಾರಿಗೆ ಬರುವ ಎಲ್ಲರಿಗೂ ನಾನು ಹೇಳುತ್ತೇನೆ.

'ಸಿಮ್ಕಾ' ಅನ್ನುವುದು ಫ್ರಾನ್ಸಿನ ಹಳೆಯ ಕಾರು. 1978ರಲ್ಲಿ ಅದು ಪೂಜೋ ಬಳಗಕ್ಕೆ ಸೇರಿತು. ಸ್ವಲ್ಪ ಕಾಲದಲ್ಲೇ ಆ ಹೆಸರು ರಸ್ತೆಯಿಂದ ಮರೆಯಾಯಿತು. ಸುಮಾರು ಮೂರು ದಶಕದ ನಂತರ, 2007ರಲ್ಲಿ, ಒಬ್ಬರು ಆ ಹೆಸರನ್ನು ವಾಹನಗಳಿಗೆ ನೋಂದಾಯಿಸಲು ಅರ್ಜಿ ಹಾಕಿದರು. ಯಾರೂ ಬಳಸುತ್ತಿಲ್ಲವಲ್ಲ ಅನ್ನುವುದು ಅವರ ವಾದ. ನಿಮ್ಮ ವಾದವೇ. 2014ರಲ್ಲಿ ಅವರು ಸೋತರು. ಪೂಜೋ ಹೆಸರಲ್ಲಿ ಹಳೆಯ ನೋಂದಣಿಗಳು ಇನ್ನೂ ಇದ್ದವು. ಕಾರಿನ ಖ್ಯಾತಿ ಒಂದಿಷ್ಟು ಉಳಿದಿತ್ತು. ಅರ್ಜಿದಾರರಿಗೆ ಇದೆಲ್ಲ ಗೊತ್ತಿತ್ತು. ಆ ಖ್ಯಾತಿಯ ಲಾಭ ಪಡೆಯಲೆಂದೇ ಬಂದರು, ಇದು ದುರುದ್ದೇಶ ಅಂತ ನ್ಯಾಯಾಲಯ ಹೇಳಿತು.

'ನೆಹೆರಾ' ಪ್ರಕರಣದಲ್ಲಿ ಉಲ್ಟಾ ಆಯಿತು. ಯಾನ್ ನೆಹೆರಾ 1930ರ ದಶಕದಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಸಿದ್ಧ ಉಡುಪುಗಳ ದೊಡ್ಡ ವ್ಯಾಪಾರ ಕಟ್ಟಿದ್ದರು. ಯುದ್ಧದ ನಂತರ ಸರ್ಕಾರ ಅದನ್ನು ರಾಷ್ಟ್ರೀಕರಣ ಮಾಡಿತು. ಹೆಸರು ಕಣ್ಮರೆಯಾಯಿತು. 2013ರಲ್ಲಿ ಒಬ್ಬ ಉದ್ಯಮಿ ಅದನ್ನು ನೋಂದಣಿಗೆ ಹಾಕಿ ಉಡುಪು ತಯಾರಿಸಲು ಶುರು ಮಾಡಿದರು. ನೆಹೆರಾ ವಂಶದವರು ತಕರಾರು ತೆಗೆದರು. ಯುರೋಪಿನ ನೋಂದಣಿ ಕಚೇರಿ ದುರುದ್ದೇಶ ಅಂತ ನೋಂದಣಿ ರದ್ದು ಮಾಡಿತು. 2022ರಲ್ಲಿ ನ್ಯಾಯಾಲಯ ಆ ಆದೇಶವನ್ನೇ ತೆಗೆದುಹಾಕಿತು. ಹಳೆಯ ನೋಂದಣಿಯೂ ಇಲ್ಲ, ಬಳಕೆಯೂ ಇಲ್ಲ. ಗ್ರಾಹಕರ ನೆನಪಿನಲ್ಲಿ ಖ್ಯಾತಿ ಉಳಿದಿದೆ ಅನ್ನುವುದಕ್ಕೆ ಪುರಾವೆಯೂ ಇರಲಿಲ್ಲ. ಇಲ್ಲದ ಖ್ಯಾತಿಯ ಮೇಲೆ ಸವಾರಿ ಮಾಡುವುದು ಹೇಗೆ? ಹೊಸಬರು ತಮ್ಮ ದುಡ್ಡು, ದುಡಿಮೆ ಹಾಕಿ ಹೆಸರಿಗೆ ಮತ್ತೆ ಬೆಲೆ ತಂದಿದ್ದರು.

ಈ ಎರಡರ ನಡುವೆ ನೀವು ಎಲ್ಲಿದ್ದೀರಿ? ನಿಮ್ಮ ಕಂಪನಿ ಮುಚ್ಚಿ 14 ವರ್ಷ. ಅದರ ಗ್ರಾಹಕರು ಇನ್ನೂ ಇದ್ದಾರೆ. ನೀವೇ ಅವರಲ್ಲಿ ಒಬ್ಬರು. ನಿಮಗೆ ಈ ಹೆಸರು ಬೇಕಾಗಿರುವುದೇ ಜನ ಅದನ್ನು ಮರೆತಿಲ್ಲ ಅನ್ನುವ ಕಾರಣಕ್ಕೆ. ನಿಮ್ಮ ಉದ್ಯಮಕ್ಕೆ ಆ ಹೆಸರಿನ ಬಲ ಯಾವುದೋ ಅದೇ ಕಾನೂನಿನ ಎದುರು ನಿಮ್ಮ ದೌರ್ಬಲ್ಯ. ಮಾಲೀಕರನ್ನು ಹುಡುಕದೆ, ಕೇಳದೆ ಮುಂದುವರಿದರೆ ನೀವು ಸಿಮ್ಕಾ ಕಡೆಗೇ ಜಾಸ್ತಿ ವಾಲುತ್ತೀರಿ. ಇದು ನನ್ನ ನೇರ ಅಭಿಪ್ರಾಯ.

ಲೋಗೋ ವಿಷಯಕ್ಕೆ ಬರೋಣ. ಟ್ರೇಡ್‌ಮಾರ್ಕ್ ಬಳಸದಿದ್ದರೆ ಸಾಯುತ್ತದೆ. ಕಾಪಿರೈಟ್ ಹಾಗಲ್ಲ. ಬಳಸಿದರೂ ಬಿಟ್ಟರೂ ಅದು ತನ್ನ ಅವಧಿ ಮುಗಿಯುವವರೆಗೆ ಬದುಕಿರುತ್ತದೆ. ಭಾರತದಲ್ಲಿ ಕಲಾಕೃತಿಗೆ ಕಲಾವಿದರ ಜೀವಿತಾವಧಿ ಮತ್ತು ಆ ಮೇಲೆ 60 ವರ್ಷ. ಯುರೋಪಿನಲ್ಲಿ 70 ವರ್ಷ. ಅಮೆರಿಕದಲ್ಲಿ ಕಂಪನಿಗಾಗಿ ಮಾಡಿದ ಕೆಲಸಕ್ಕೆ ಪ್ರಕಟವಾದಾಗಿನಿಂದ 95 ವರ್ಷ ಅಥವಾ ರಚಿಸಿದಾಗಿನಿಂದ 120 ವರ್ಷ, ಯಾವುದು ಮೊದಲೋ ಅದು. ಬರೀ ಅಕ್ಷರಗಳ ಲೋಗೋಗೆ ಕಾಪಿರೈಟ್ ಸಿಗುವುದು ಕಷ್ಟ. ಆದರೆ ಹಕ್ಕಿ, ಮುಖ, ವಿಶೇಷ ಚಿತ್ರ ಏನಾದರೂ ಇದ್ದರೆ ಸಿಗುತ್ತದೆ.

ಅದನ್ನು ಬಿಡಿಸಿದವರು ಯಾರು ಅನ್ನುವುದೂ ಮುಖ್ಯ. ಸಂಬಳದ ನೌಕರ ಕೆಲಸದ ಭಾಗವಾಗಿ ಬಿಡಿಸಿದ್ದರೆ ಹಕ್ಕು ಸಾಮಾನ್ಯವಾಗಿ ಕಂಪನಿಯದ್ದು. ಹೊರಗಿನ ಕಲಾವಿದ ಬಿಡಿಸಿಕೊಟ್ಟಿದ್ದರೆ, ಹಕ್ಕನ್ನು ಬರವಣಿಗೆಯಲ್ಲಿ ಕೊಟ್ಟಿರದಿದ್ದರೆ, ಅದು ಅವರ ಬಳಿ ಅಥವಾ ಅವರ ಮಕ್ಕಳ ಬಳಿ ಉಳಿದಿರಬಹುದು. ಬರೆದುಕೊಟ್ಟಿದ್ದರೂ ಭಾರತದ ಕಾನೂನಿನಲ್ಲಿ ಒಂದು ಸೂಕ್ಷ್ಮ ಇದೆ. ಪತ್ರದಲ್ಲಿ ಅವಧಿ ಬರೆಯದಿದ್ದರೆ ಹಸ್ತಾಂತರ 5 ವರ್ಷಕ್ಕೆ ಮಾತ್ರ ಅಂತ ಲೆಕ್ಕ. ಎಷ್ಟೋ ಕಂಪನಿಗಳಿಗೆ ತಮ್ಮ ಲೋಗೋ ತಮ್ಮದಲ್ಲ ಅಂತ ಗೊತ್ತೇ ಇರುವುದಿಲ್ಲ.

ಹೆಸರು ಒಬ್ಬರ ಬಳಿ, ಲೋಗೋ ಇನ್ನೊಬ್ಬರ ಬಳಿ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಸ್ವೀಡನ್ನಿನ ಸಾಬ್ ಕಾರು ಒಳ್ಳೆಯ ಉದಾಹರಣೆ. ಕಾರು ಕಂಪನಿ 2011ರಲ್ಲಿ ದಿವಾಳಿಯಾಯಿತು. 2012ರಲ್ಲಿ ನೆವ್ಸ್ ಅನ್ನುವ ಕಂಪನಿ ಕಾರ್ಖಾನೆಯನ್ನು ಕೊಂಡಿತು. ಆದರೆ 'ಸಾಬ್' ಅನ್ನುವ ಹೆಸರು ವಿಮಾನ, ರಕ್ಷಣಾ ಸಾಮಗ್ರಿ ಮಾಡುವ ಸಾಬ್ ಕಂಪನಿಯ ಹಿಡಿತದಲ್ಲಿತ್ತು. ಅವರು ಹೆಸರು ಬಳಸಲು ಲೈಸೆನ್ಸ್ ಕೊಟ್ಟರು. ರೆಕ್ಕೆಯ ಗ್ರಿಫಿನ್ ಲಾಂಛನ ಕೊಡಲಿಲ್ಲ. ಅದರಲ್ಲಿ ಸ್ಕಾನಿಯಾ ಕಂಪನಿಯ ಪಾಲೂ ಇತ್ತು. 2014ರಲ್ಲಿ ನೆವ್ಸ್ ಹಣದ ತೊಂದರೆಗೆ ಸಿಕ್ಕಿದಾಗ ಹೆಸರಿನ ಲೈಸೆನ್ಸೂ ಹೋಯಿತು. ಕಾರ್ಖಾನೆ ಕೈಯಲ್ಲಿತ್ತು, ಕಾರಿಗೆ ಹಚ್ಚಲು ಹೆಸರಿರಲಿಲ್ಲ.

ಹಳೆಯ ಜಾಹೀರಾತುಗಳಲ್ಲಿ ಈ ಗಂಟು ಇನ್ನೂ ಜಾಸ್ತಿ. ಫೋಟೋ ತೆಗೆದವರು, ಸಾಲು ಬರೆದವರು, ಹಾಡು ಕಟ್ಟಿದವರು, ಹಾಡಿದವರು, ಮುಖ ತೋರಿಸಿದ ಕಲಾವಿದರು. ಒಂದು ಕಂಪನಿಗಾಗಿ ಕೊಟ್ಟ ಒಪ್ಪಿಗೆ ನಿಮಗೂ ಅನ್ವಯಿಸುವುದಿಲ್ಲ. ಬಳಸಲೇಬೇಡಿ ಅನ್ನುವುದು ನನ್ನ ಸಲಹೆ. ಆ ಕಾಲದ ಬಣ್ಣ, ಭಾವ ನಿಮಗೆ ಇಷ್ಟವಾದರೆ ಹೊಸದಾಗಿ ಬರೆಸಿ. ಶೈಲಿ ಯಾರ ಸೊತ್ತೂ ಅಲ್ಲ.

'1958ರಿಂದ' ಅನ್ನುವುದು ಖಂಡಿತ ಬೇಡ. ಟ್ರೇಡ್‌ಮಾರ್ಕ್ ಪೂರ್ತಿ ನಿಮ್ಮದಾದರೂ ಬೇಡ. ಹಳೆಯ ವ್ಯಾಪಾರವನ್ನೇ ಕೊಂಡು ಮುಂದುವರಿಸುತ್ತಿದ್ದರೆ ಮಾತು ಬೇರೆ. ಅವರ ಕಾರ್ಖಾನೆ, ಅವರ ತಂತ್ರ, ಅವರ ಕೆಲಸಗಾರರು ಯಾವುದೂ ನಿಮ್ಮ ಬಳಿ ಇಲ್ಲ. ಆ ಒಂದು ಪದ ಓದಿದವರು 'ಅದೇ ಕಂಪನಿ ವಾಪಸ್ ಬಂದಿದೆ' ಅಂತ ನಂಬಿ ದುಡ್ಡು ಕೊಡುತ್ತಾರೆ. ಗ್ರಾಹಕ ಕಾನೂನು ಇದನ್ನು ದಾರಿ ತಪ್ಪಿಸುವ ಜಾಹೀರಾತು ಅನ್ನುತ್ತದೆ. ನನಗೆ ಕಾನೂನಿಗಿಂತ ಆ ಕೊಳ್ಳುವವರದ್ದೇ ಚಿಂತೆ. ಅಪ್ಪ ಇಟ್ಟುಕೊಂಡಿದ್ದ ರೇಡಿಯೋ ನೆನೆದು ನಿಮ್ಮ ಸ್ಪೀಕರ್ ಕೊಳ್ಳುವವರಿಗೆ ನಿಜ ಗೊತ್ತಿರಬೇಕು. ನಿಜವನ್ನು ಹೇಳಿಯೂ ಮಾರಬಹುದು: 'ಹೊಸ ತಂಡ, ಹೊಸ ತಯಾರಿಕೆ. ಹಳೆಯ ಕಂಪನಿಯ ಜೊತೆ ಸಂಬಂಧ ಇಲ್ಲ' ಅಂತ ಕಣ್ಣಿಗೆ ಬೀಳುವ ಜಾಗದಲ್ಲಿ ಬರೆಯಿರಿ. ಆ ಸಾಲೊಂದೇ ನಿಮ್ಮನ್ನು ದಾವೆಯಿಂದ ಕಾಪಾಡುವುದಿಲ್ಲ, ಆದರೆ ನಿಮ್ಮ ಉದ್ದೇಶಕ್ಕೆ ಸಾಕ್ಷಿಯಾಗುತ್ತದೆ. 'ಅದೇ ಹಳೆಯ ಕಂಪನಿ' ಅನ್ನುವಂತೆ ನಡೆದುಕೊಂಡರೆ ಇನ್ನೊಂದು ಅಪಾಯವೂ ಇದೆ. ಹಳೆಯ ರೇಡಿಯೋ ಹಿಡಿದು ರಿಪೇರಿ ಕೇಳುವವರು, ಬಾಕಿ ಹಣ ಕೇಳುವವರು ನಿಮ್ಮ ಬಾಗಿಲಿಗೆ ಬರುತ್ತಾರೆ. ಹಳೆಯ ವ್ಯಾಪಾರದ ಮುಂದುವರಿಕೆ ನೀವೇ ಅಂತ ತೋರಿಸಿ ಹೊಣೆ ಹೊರಿಸಲು ನೋಡುವವರಿಗೆ ನೀವೇ ಪುರಾವೆ ಕೊಟ್ಟ ಹಾಗಾಗುತ್ತದೆ.

ನಿಮ್ಮ ಮೂವರಲ್ಲಿ ಯಾರಾದರೂ ಆ ಹಳೆಯ ಕಂಪನಿಯಲ್ಲಿ ನಿರ್ದೇಶಕರಾಗಿದ್ದರಾ? ಇಲ್ಲ ಅಂತಲೇ ತೋರುತ್ತದೆ, ಆದರೂ ಕೇಳುತ್ತೇನೆ. ಬ್ರಿಟನ್ನಿನ 1986ರ ದಿವಾಳಿ ಕಾಯ್ದೆಯಲ್ಲಿ, ದಿವಾಳಿಯಾಗಿ ಮುಚ್ಚಿದ ಕಂಪನಿಯ ನಿರ್ದೇಶಕರು ಅದೇ ಹೆಸರು ಅಥವಾ ಅದಕ್ಕೆ ಹೋಲುವ ಹೆಸರಿನ ಕಂಪನಿಯನ್ನು 5 ವರ್ಷ ನಡೆಸುವಂತಿಲ್ಲ. ಸಾಲ ಮುಳುಗಿಸಿ, ಅದೇ ಬೋರ್ಡ್ ಹಾಕಿಕೊಂಡು ಮತ್ತೆ ಶುರು ಮಾಡುವವರನ್ನು ತಡೆಯಲು ಮಾಡಿದ ನಿಯಮ. ಕೆಲವು ವಿನಾಯಿತಿಗಳಿವೆ, ಆದರೆ ಮೀರಿದರೆ ಅದು ಅಪರಾಧ. ಇನ್ನು ಹೊಸ ಕಂಪನಿಗೇ ಆ ಹೆಸರಿಡುವುದು ಬೇರೆ ಅಡ್ಡಿ. ಭಾರತದಲ್ಲಿ ಹೊಡೆದುಹಾಕಿದ ಕಂಪನಿಯ ಹೆಸರು 20 ವರ್ಷದವರೆಗೆ ಸಿಗುವುದಿಲ್ಲ. ಲಿಕ್ವಿಡೇಷನ್ ಮೂಲಕ ವಿಸರ್ಜನೆಯಾಗಿದ್ದರೆ 2 ವರ್ಷ. ಸಿಕ್ಕರೂ, ಕಂಪನಿ ಹೆಸರು ಸಿಕ್ಕ ಮಾತ್ರಕ್ಕೆ ಟ್ರೇಡ್‌ಮಾರ್ಕ್ ಹಕ್ಕು ಬರುವುದಿಲ್ಲ. ಎರಡೂ ಬೇರೆ ಬೇರೆ ಕಚೇರಿ.

ವೆಬ್‌ಸೈಟ್ ವಿಳಾಸದ್ದೂ ಇದೇ ಮಾತು. ದುಡ್ಡು ಕೊಟ್ಟು ಕೊಂಡರೂ ಟ್ರೇಡ್‌ಮಾರ್ಕ್ ಮಾಲೀಕರು ಕಾಣಿಸಿಕೊಂಡರೆ ಅದು ಕೈತಪ್ಪಬಹುದು. 1999ರಿಂದ ಇಂಥ ಜಗಳಗಳಿಗೆ ಪ್ರತ್ಯೇಕ ಪಂಚಾಯ್ತಿ ವ್ಯವಸ್ಥೆಯೇ ಇದೆ. ಅದಕ್ಕಿಂತ ಜಾಸ್ತಿ ಎಚ್ಚರ ಇಮೇಲ್ ಬಗ್ಗೆ ಇರಲಿ. ಹಳೆಯ ವಿಳಾಸ ನಿಮ್ಮದಾದರೆ, ಅಲ್ಲಿನ ನೌಕರರಿಗೆ ಬರುವ ಪತ್ರಗಳೂ ನಿಮ್ಮ ಪೆಟ್ಟಿಗೆಗೆ ಬೀಳಬಹುದು. ಬ್ಯಾಂಕಿನ ಸೂಚನೆ, ಪಾಸ್‌ವರ್ಡ್ ಬದಲಿಸುವ ಕೊಂಡಿ, ಹೀಗೆ ಏನೇನೋ. ಎಲ್ಲವನ್ನೂ ಹಿಡಿದುಕೊಳ್ಳುವ ಇಮೇಲ್ ವ್ಯವಸ್ಥೆ ಇಡಬೇಡಿ. ಗ್ರಾಹಕರ ಪಟ್ಟಿ ಯಾರಾದರೂ ಕೊಡುತ್ತೇವೆ ಅಂದರೂ ವಕೀಲರನ್ನು ಕೇಳದೆ ಮುಟ್ಟಬೇಡಿ. ಅಮೆರಿಕದ ಬಾರ್ಡರ್ಸ್ ಪುಸ್ತಕ ಮಳಿಗೆ 2011ರಲ್ಲಿ ಮುಳುಗಿದಾಗ ಬಾರ್ನ್ಸ್ ಅಂಡ್ ನೋಬಲ್ 1.39 ಕೋಟಿ ಡಾಲರ್‌ಗೆ ಅದರ ಹೆಸರು, ಗ್ರಾಹಕರ ಪಟ್ಟಿ ಎಲ್ಲ ಕೊಂಡಿತು. ಆದರೂ ಬೇಡ ಅನ್ನುವ ಗ್ರಾಹಕರಿಗೆ ಪಟ್ಟಿಯಿಂದ ಹೊರಗುಳಿಯುವ ಅವಕಾಶ ಕೊಡಬೇಕಾಯಿತು.

ಹಾಗಾದರೆ ದಾರಿ ಯಾವುದು? ಹುಡುಕಿ, ಕೇಳಿ, ಕೊಂಡುಕೊಳ್ಳಿ. ಸತ್ತ ಹೆಸರಿನ ಮಾಲೀಕರಿಗೆ ಅದರಿಂದ ಬೇರೆ ಆದಾಯ ಇರುವುದಿಲ್ಲ. ಗೌರವದಿಂದ ಕೇಳಿದರೆ ಎಷ್ಟೋ ಜನ ಸಂತೋಷದಿಂದಲೇ ಕೊಡುತ್ತಾರೆ. ಕಂಪನಿಯ ಕೊನೆಯ ವಾರ್ಷಿಕ ವರದಿ, ದಿವಾಳಿ ಪ್ರಕರಣದ ಮಾರಾಟ ಆದೇಶ, ಟ್ರೇಡ್‌ಮಾರ್ಕ್ ದಾಖಲೆಯಲ್ಲಿರುವ ಹಸ್ತಾಂತರದ ನಮೂದು, ಈ ಮೂರರಲ್ಲಿ ಎಲ್ಲಾದರೂ ಎಳೆ ಸಿಗುತ್ತದೆ. ಆ ಎಳೆಯನ್ನು ಒಂದೊಂದೇ ಕೈ ದಾಟಿ ಹಿಂಬಾಲಿಸಬೇಕು. ಕಮೊಡೋರ್ ಕಂಪ್ಯೂಟರ್ ಕಂಪನಿ 1994ರಲ್ಲಿ ದಿವಾಳಿಯಾಯಿತು. 1995ರಲ್ಲಿ ಎಸ್ಕಾಮ್ ಕೊಂಡಿತು. 1996ರಲ್ಲಿ ಎಸ್ಕಾಮೇ ದಿವಾಳಿ. 1997ರಲ್ಲಿ ಟ್ಯುಲಿಪ್ ಕೈಗೆ ಹೋಯಿತು. ಮೂರೇ ವರ್ಷದಲ್ಲಿ ಇಷ್ಟು. ನಡುವೆ ಒಂದು ಕೊಂಡಿ ಕಳಚಿದ್ದರೆ ನಿಮಗೆ ಮಾರುವವರ ಬಳಿ ಮಾರಲು ಏನೂ ಇರುವುದಿಲ್ಲ.

ಒಪ್ಪಂದ ಬರೆಯುವಾಗ ಯಾವ ಸರಕಿಗೆ ಅಂತ ಸ್ಪಷ್ಟ ಇರಲಿ. ಅಟಾರಿ ಹೆಸರು 1984ರಲ್ಲಿ ಎರಡು ಪಾಲಾಯಿತು. ಮನೆಯ ಕಂಪ್ಯೂಟರ್, ವಿಡಿಯೋ ಗೇಮ್ ಒಬ್ಬರಿಗೆ, ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವ ಯಂತ್ರಗಳು ಇನ್ನೊಬ್ಬರಿಗೆ. ನಿಮಗೆ ರೇಡಿಯೋ ಅಂತ ಮಾತ್ರ ಬರೆದುಕೊಟ್ಟು ಸ್ಪೀಕರ್ ಬಿಟ್ಟುಹೋದರೆ ಕಷ್ಟ. ಹೆಸರಿನ ಜೊತೆ ಗುಡ್‌ವಿಲ್ಲೂ ಸೇರಿದೆ ಅಂತ ಬರೆಸಿ. ಅಮೆರಿಕದಲ್ಲಿ ಗುಡ್‌ವಿಲ್ ಬಿಟ್ಟು ಬರೀ ಹೆಸರು ಕೊಟ್ಟರೆ ಆ ಹಸ್ತಾಂತರ ನಿಲ್ಲುವುದೇ ಇಲ್ಲ. ಭಾರತದಲ್ಲಿ ಹಾಗೆ ಕೊಡಬಹುದು, ಆದರೆ ರಿಜಿಸ್ಟ್ರಾರ್ ಹೇಳಿದಂತೆ ಪ್ರಕಟಣೆ ಕೊಡುವ ಷರತ್ತು ಇರುತ್ತದೆ. ಲೋಗೋದ ಕಾಪಿರೈಟನ್ನು ಪ್ರತ್ಯೇಕ ಸಾಲಿನಲ್ಲಿ, ಪೂರ್ತಿ ಅವಧಿಗೆ ಅಂತ ನಮೂದಿಸಿ ಬರೆಸಿ.

ಮಾಲೀಕರು ಸಿಗಲಿಲ್ಲ ಅಂದರೆ? ಹುಡುಕಿದ್ದಕ್ಕೆ ದಾಖಲೆ ಇಟ್ಟುಕೊಳ್ಳಿ: ಕಳಿಸಿದ ಪತ್ರ, ಬಾರದ ಉತ್ತರ, ವಾಪಸ್ ಬಂದ ಲಕೋಟೆ. ಆಮೇಲೆ ನಿಮ್ಮ ವರ್ಗದಲ್ಲಿ ಹೊಸ ಅರ್ಜಿ ಹಾಕಿ. ಅದು ಪ್ರಕಟವಾದಾಗ ತಕರಾರು ಹಾಕಲು ಸಮಯ ಇರುತ್ತದೆ, ಭಾರತದಲ್ಲಿ 4 ತಿಂಗಳು. ಆ ಸಮಯ ದಾಟುವವರೆಗೆ ಪೆಟ್ಟಿಗೆ ಅಚ್ಚು ಹಾಕಿಸಬೇಡಿ. ಅರ್ಜಿಯ ಜೊತೆ ಒಂದು ಬದಲಿ ಹೆಸರನ್ನೂ ಯೋಚಿಸಿಡಿ.

ಆ ಬದಲಿ ಹೆಸರನ್ನು ಹಗುರವಾಗಿ ನೋಡಬೇಡಿ. 2008ರಲ್ಲಿ ಪೋಲರಾಯ್ಡ್ ತನ್ನ ಇನ್‌ಸ್ಟಂಟ್ ಫಿಲ್ಮ್ ತಯಾರಿಕೆ ನಿಲ್ಲಿಸುತ್ತೇನೆ ಅಂತ ಘೋಷಿಸಿತು. ಕೆಲವು ಉತ್ಸಾಹಿಗಳು ನೆದರ್‌ಲ್ಯಾಂಡ್ಸ್‌ನ ಎನ್‌ಸ್ಕೆಡೆಯ ಕಾರ್ಖಾನೆಯಲ್ಲಿದ್ದ ಯಂತ್ರಗಳನ್ನು ಕೊಂಡರು. ಹೆಸರು ಅವರಿಗೆ ಸಿಗಲಿಲ್ಲ. 'ಇಂಪಾಸಿಬಲ್' ಅಂತ ಹೆಸರಿಟ್ಟುಕೊಂಡು 2010ರಲ್ಲಿ ಫಿಲ್ಮ್ ಮಾರಲು ಶುರು ಮಾಡಿದರು. ವರ್ಷಗಟ್ಟಲೆ ತಮ್ಮದೇ ಹೆಸರಲ್ಲಿ, ಹಳೆಯ ಕ್ಯಾಮರಾಗಳಿಗೆ ಹೊಂದುವ ಫಿಲ್ಮ್ ಅಂತ ಹೇಳಿಯೇ ಮಾರಿದರು. 2017ರಲ್ಲಿ ಆ ಕಂಪನಿಯ ದೊಡ್ಡ ಪಾಲುದಾರರು ಪೋಲರಾಯ್ಡ್ ಬ್ರ್ಯಾಂಡನ್ನೇ ಕೊಂಡರು. 2020ರಿಂದ ಅವರ ಫಿಲ್ಮ್ ಪೆಟ್ಟಿಗೆಯ ಮೇಲೆ 'ಪೋಲರಾಯ್ಡ್' ಅಂತಲೇ ಇದೆ.